ಪೆಟ್ಟಿಗೆ ಹೊರಗಿರಲಿ, ಬಿಸಿಗಾಳಿ ಮಾತ್ರ ಒಳಗೆ ಬರಲಿ

ನಮಸ್ಕಾರ ಗೆಳೆಯರೇ. ಚಳಿಯಲ್ಲಿ ಗಾಡಿಯೊಳಗೇ ಮಲಗಿ ತಿರುಗಾಡುವವರು ಈಗೀಗ ಒಂದು ಪೆಟ್ಟಿಗೆಯನ್ನು ಜೊತೆಗೆ ಒಯ್ಯುತ್ತಾರೆ. ಪೋರ್ಟಬಲ್ ಡೀಸೆಲ್ ಹೀಟರ್. ಮೇಲೊಂದು ಹಿಡಿ, ಒಳಗೇ ಡೀಸೆಲ್ ಟ್ಯಾಂಕ್, ಎದುರಿಗೆ ಬಿಸಿಗಾಳಿ ಬರುವ ದುಂಡನೆಯ ಬಾಯಿ. ಬ್ಯಾಟರಿಗೆ ಜೋಡಿಸಿ ಗುಂಡಿ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಬೆಚ್ಚನೆ ಗಾಳಿ ಶುರು. ಇದರ ಬಗ್ಗೆ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹೀಟರ್ ಒಳ್ಳೆಯದು, ಧಾರಾಳವಾಗಿ ಬಳಸಿ. ಆದರೆ ಪೆಟ್ಟಿಗೆ ಗಾಡಿಯ ಹೊರಗೇ ಇರಬೇಕು, ಬಿಸಿಗಾಳಿ ಮಾತ್ರ ಒಳಗೆ ಬರಬೇಕು. ಈ ಒಂದು ವಿಷಯದಲ್ಲಿ ರಾಜಿ ಬೇಡ.

ಯಾಕೆ ಅಂತ ಗೊತ್ತಾಗಬೇಕಾದರೆ ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆ ಅಂತ ನೋಡಬೇಕು. ಒಂದು ಸಣ್ಣ ಪಂಪ್ ಟ್ಯಾಂಕಿನಿಂದ ಡೀಸೆಲನ್ನು ಹನಿಹನಿಯಾಗಿ ತಳ್ಳುತ್ತದೆ. ಟಿಕ್ ಟಿಕ್ ಅಂತ ಕೇಳಿಸುತ್ತದಲ್ಲ, ಅದು ಈ ಪಂಪಿನ ಸದ್ದು. ಗ್ಲೋ ಪ್ಲಗ್ ಕೆಂಪಗೆ ಕಾದು ಆ ಡೀಸೆಲಿಗೆ ಬೆಂಕಿ ಹಚ್ಚುತ್ತದೆ. ಬೆಂಕಿ ಉರಿಯುವುದು ಮುಚ್ಚಿದ ಲೋಹದ ಗೂಡಿನೊಳಗೆ. ಉರಿಯಲು ಬೇಕಾದ ಗಾಳಿ ಒಂದು ಸಣ್ಣ ಪೈಪಿನಿಂದ ಒಳಗೆ ಬರುತ್ತದೆ, ಹೊಗೆ ಇನ್ನೊಂದು ಪೈಪಿನಿಂದ ಹೊರಗೆ ಹೋಗುತ್ತದೆ. ಕೋಣೆಗೆ ಬರುವ ಗಾಳಿಯ ದಾರಿಯೇ ಬೇರೆ. ಫ್ಯಾನು ಅದನ್ನು ಆ ಕಾದ ಲೋಹದ ಹೊರಮೈ ಮೇಲೆ ಹಾಯಿಸಿ ಬಿಸಿ ಮಾಡಿ ಕಳಿಸುತ್ತದೆ. ಎರಡು ಗಾಳಿ ಎಲ್ಲೂ ಸೇರುವ ಹಾಗಿಲ್ಲ.

ಇದೇ ಈ ಯಂತ್ರದ ದೊಡ್ಡ ಗುಣ. ಗಾಡಿಯೊಳಗೆ ಸಣ್ಣ ಗ್ಯಾಸ್ ಹೀಟರ್ ಹಚ್ಚಿ ಕೂರುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಅಲ್ಲಿ ಹೊಗೆಗೆ ಬೇರೆ ದಾರಿಯೇ ಇಲ್ಲ, ಉರಿದದ್ದೆಲ್ಲ ಒಳಗೇ ಉಳಿಯುತ್ತದೆ. ಸಾಲದ್ದಕ್ಕೆ ನೀರಿನ ಕಾಟ. ಇಂಥ ಹೀಟರ್‌ನಲ್ಲಿ ಉರಿಯುವ ಪ್ರೊಪೇನ್ ಗ್ಯಾಸ್ ಒಂದು ಕೆಜಿ ಉರಿದರೆ ಸುಮಾರು 1.6 ಕೆಜಿ ನೀರಾವಿ ಹುಟ್ಟುತ್ತದೆ. ಅದೆಲ್ಲ ಗಾಜಿನ ಮೇಲೆ, ಹೊದಿಕೆಯ ಮೇಲೆ, ಲೋಹದ ಮೈಮೇಲೆ ಕೂರುತ್ತದೆ. ಡೀಸೆಲ್ ಹೀಟರ್‌ನಲ್ಲೂ ನೀರಾವಿ ಹುಟ್ಟುತ್ತದೆ, ಆದರೆ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಒಳಗೆ ಬರುವುದು ಒಣ ಬಿಸಿಗಾಳಿ. ಒದ್ದೆ ಸಾಕ್ಸು ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ.

ಈ ಹೀಟರ್ ಹೊಸದೇನಲ್ಲ. ಜರ್ಮನಿಯ ವೆಬಾಸ್ಟೊ, ಎಬರ್‌ಸ್ಪೆಕರ್ ಕಂಪನಿಗಳು ಲಾರಿ, ದೋಣಿ, ವ್ಯಾನುಗಳಿಗೆ ಇಂಥವನ್ನು ಬಹಳ ಹಿಂದಿನಿಂದ ಮಾಡುತ್ತಿವೆ. ಲಾರಿಯಲ್ಲಿ ಮಲಗುವ ಡ್ರೈವರ್ ರಾತ್ರಿಯೆಲ್ಲ ಇಂಜಿನ್ ಓಡಿಸಬಾರದು, ಆದರೂ ಬೆಚ್ಚಗಿರಬೇಕು. ಅದಕ್ಕೆಂದು ಬಂದದ್ದು ಇದು. ಅಲ್ಲಿ ಅದನ್ನು ಸೀಟಿನ ಕೆಳಗೆ, ನೆಲಕ್ಕೆ ಬಿಗಿಯಾಗಿ ಕೂರಿಸುತ್ತಾರೆ. ನಡುವೆ ಸೀಲ್ ಇರುತ್ತದೆ. ಹೊಗೆ ಪೈಪಿನ ಜೋಡಣೆ ಪೂರ್ತಿ ನೆಲದ ಆಚೆ, ಗಾಡಿಯ ಅಡಿಯಲ್ಲಿ. ಎಲ್ಲಾದರೂ ಸೋರಿದರೂ ಹೊರಗೇ ಸೋರುತ್ತದೆ.

ಪೋರ್ಟಬಲ್ ಪೆಟ್ಟಿಗೆಯಲ್ಲಿ ಯಂತ್ರ ಅದೇ. ನೆಲ ಮಾತ್ರ ಇಲ್ಲ. ಹೊಗೆ ಪೈಪು ಪೆಟ್ಟಿಗೆಯ ಅಡಿಯಿಂದ ಹೊರಬರುತ್ತದೆ. ನಾವೇ ಒಂದು ಸುಕ್ಕುಸುಕ್ಕಾದ ಲೋಹದ ಕೊಳವೆಯನ್ನು ಅದರ ಮೂತಿಗೆ ತೂರಿಸಿ ಕ್ಲಾಂಪ್ ಬಿಗಿಯುತ್ತೇವೆ. ಆ ಜಾಗವನ್ನು ಒಮ್ಮೆ ಬೆಳಕು ಹಿಡಿದು ಹತ್ತಿರದಿಂದ ನೋಡಿ. ಕೊಳವೆಯ ಮೈ ಸುರುಳಿ, ಮೂತಿ ನುಣುಪು. ಎರಡರ ನಡುವೆ ಕೂದಲೆಳೆಯಷ್ಟು ಸಂದು ಉಳಿದೇ ಉಳಿಯುತ್ತದೆ. ಕೆಲವು ದಿನ ಓಡಿಸಿದ ಮೇಲೆ ಕ್ಲಾಂಪಿನ ಪಕ್ಕದಲ್ಲಿ ಕಪ್ಪು ಗೆರೆಯೊಂದು ಮೂಡಿದ್ದರೆ, ಅಲ್ಲಿಂದ ಹೊಗೆ ಸೋರುತ್ತಿದೆ ಅಂತಲೇ ಅರ್ಥ. ಸೈಲೆನ್ಸರ್ ಹಾಕಿದ್ದರೆ ಅದರ ಮಡಿಕೆಗಳಿಂದಲೂ ಸೋರಬಹುದು. ಎಷ್ಟೋ ಸೈಲೆನ್ಸರ್‌ಗಳಲ್ಲಿ ನೀರು ಇಳಿದುಹೋಗಲಿ ಅಂತ ಬೇಕೆಂದೇ ಸಣ್ಣ ತೂತು ಬಿಟ್ಟಿರುತ್ತಾರೆ. ಗಾಡಿಯ ಅಡಿಯಲ್ಲಿ ಇದು ಯಾವುದೂ ತೊಂದರೆಯಲ್ಲ. ಹಾಸಿಗೆಯ ಪಕ್ಕ ಪೆಟ್ಟಿಗೆ ಇಟ್ಟು, ಹೊಗೆ ಪೈಪನ್ನು ಬಾಗಿಲ ಸಂದಿಯಿಂದ ಹೊರಗೆ ಹಾಕಿದಾಗ ಇದೆಲ್ಲವೂ ನಿಮ್ಮ ಮೂಗಿನ ಕೆಳಗೇ ಬಂದಿರುತ್ತದೆ. ಜೊತೆಗೆ ಆ ಪೈಪು 200 ಡಿಗ್ರಿಗೂ ಮೇಲೆ ಕಾಯುತ್ತದೆ. ಬಾಗಿಲ ರಬ್ಬರು, ಹೊದಿಕೆಯ ತುದಿ ಏನೇ ತಗುಲಿದರೂ ಕರಗುತ್ತದೆ, ಇಲ್ಲವೇ ಹೊತ್ತಿಕೊಳ್ಳುತ್ತದೆ.

ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಇರುತ್ತದೆ. ಬೆಂಕಿ ಚೆನ್ನಾಗಿ ಉರಿಯುವಾಗ ಕಡಿಮೆ. ಗಾಳಿ ಸಾಲದಾದಾಗ, ಒಳಗೆ ಮಸಿ ಕಟ್ಟಿದಾಗ ಜಾಸ್ತಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು. ಎಚ್ಚರವಾಗಿದ್ದವರು ಎದ್ದು ಬಾಗಿಲು ತೆರೆಯಬಹುದು. ನಿದ್ದೆಯಲ್ಲಿರುವವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಸರಿ, ಪೆಟ್ಟಿಗೆ ಹೊರಗಿಟ್ಟೆವು. ಅಲ್ಲಿಗೆ ಕೆಲಸ ಮುಗಿಯಿತಾ? ಇಲ್ಲ. ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಇಲ್ಲಿದೆ. ಪೆಟ್ಟಿಗೆಯ ಹಿಂಭಾಗದಲ್ಲಿ ಫ್ಯಾನು ಗಾಳಿ ಎಳೆಯುವ ಬಾಯಿ ಇದೆ. ಅದೇ ಪೆಟ್ಟಿಗೆಯ ಅಡಿಯಲ್ಲಿ ಹೊಗೆ ಬರುವ ಮೂತಿ ಇದೆ. ಎರಡಕ್ಕೂ ಅಂತರ ಒಂದು ಗೇಣೋ ಎರಡು ಗೇಣೋ. ಗಾಳಿ ಸ್ವಲ್ಪ ತಿರುಗಿದರೆ ಸಾಕು, ಫ್ಯಾನು ತನ್ನದೇ ಹೊಗೆಯನ್ನು ಎಳೆದುಕೊಂಡು, ಬಿಸಿ ಮಾಡಿ, ನೇರವಾಗಿ ನೀವು ಮಲಗಿರುವಲ್ಲಿಗೆ ತಳ್ಳುತ್ತದೆ. ಪೆಟ್ಟಿಗೆ ಹೊರಗಿದೆಯಲ್ಲ ಅಂತ ನಿಶ್ಚಿಂತೆಯಿಂದ ಮಲಗುವ ಹಾಗಿಲ್ಲ.

ಇದಕ್ಕೆ ದಾರಿ ಎರಡು ಪೈಪು ಹಾಕುವುದು. ಒಂದರಲ್ಲಿ ಬಿಸಿಗಾಳಿ ಒಳಗೆ ಬರಲಿ. ಇನ್ನೊಂದು ಗಾಡಿಯೊಳಗಿನ ಗಾಳಿಯನ್ನೇ ಮತ್ತೆ ಹೀಟರ್‌ನ ಹಿಂಬದಿಗೆ ಕೊಂಡೊಯ್ಯಲಿ. ಆಗ ಫ್ಯಾನು ಹೊರಗಿನ ಗಾಳಿಯನ್ನು, ಹೊಗೆಯನ್ನು ಎಳೆಯುವುದಿಲ್ಲ. ಇನ್ನೊಂದು ಲಾಭವೂ ಇದೆ. ಹೊರಗೆ ಮೈನಸ್ 10 ಡಿಗ್ರಿ ಇರುವಾಗ ಆ ಗಾಳಿಯನ್ನು ಎಳೆದು ಬಿಸಿ ಮಾಡುವುದೆಂದರೆ ಸುಮ್ನೆ ಡೀಸೆಲ್ ಖರ್ಚು. ಒಳಗಿನ ಗಾಳಿ ಆಗಲೇ 15 ಡಿಗ್ರಿ ಇರುತ್ತದೆ, ಅದನ್ನೇ ಮತ್ತೆ ಬಿಸಿ ಮಾಡಿದರೆ ಹೀಟರ್ ಕಡಿಮೆ ಶಕ್ತಿಯಲ್ಲೇ ಕೆಲಸ ಮುಗಿಸುತ್ತದೆ. ಹಿಂಬದಿಯ ಬಾಯಿಗೆ ಪೈಪು ಕೂರಿಸಲು ಅಡಾಪ್ಟರ್ ಬೇಕಾಗುತ್ತದೆ. ಪೆಟ್ಟಿಗೆಯ ಮೈಯಲ್ಲಿ ಜಾಲರಿ ಮಾತ್ರ ಇದ್ದು ಪೈಪು ಕೂರಿಸಲು ಜಾಗವೇ ಇಲ್ಲದ ಮಾದರಿಗಳೂ ಇವೆ. ಅಂಥದ್ದನ್ನು ಕೊಳ್ಳಬೇಡಿ ಅಂತಲೇ ನನ್ನ ಸಲಹೆ.

ಪೈಪುಗಳನ್ನು ಒಳಗೆ ತರುವುದಕ್ಕೆ ಕಿಟಕಿಯ ಅಳತೆಗೆ ಒಂದು ಹಲಗೆ ಕತ್ತರಿಸಿ, ಅದರಲ್ಲಿ ಎರಡು ತೂತು ಕೊರೆದು, ಗಾಜನ್ನು ಅಷ್ಟೇ ಇಳಿಸಿ ಅಲ್ಲಿ ಕೂರಿಸಬಹುದು. ಸುತ್ತ ಸ್ಪಂಜಿನ ಪಟ್ಟಿ ಅಂಟಿಸಿ. ಪೈಪಿನ ಅಳತೆ 2 ಕಿಲೋವ್ಯಾಟ್ ಹೀಟರ್‌ಗೆ ಸಾಮಾನ್ಯವಾಗಿ 60 ಮಿಲಿಮೀಟರ್, 5 ಕಿಲೋವ್ಯಾಟ್‌ನದಕ್ಕೆ 75. ಪೈಪು ಆದಷ್ಟು ಗಿಡ್ಡವಿರಲಿ, ತಿರುವು ಕಡಿಮೆ ಇರಲಿ. ಗಾಳಿ ಸರಾಗವಾಗಿ ಹೋಗದಿದ್ದರೆ ಹೀಟರ್ ಮಿತಿಮೀರಿ ಕಾದು ತಾನಾಗಿಯೇ ನಿಲ್ಲುತ್ತದೆ. ಹೊರಗಿರುವ ಪೈಪಿನ ಮೇಲೆ ಶಾಖ ತಡೆಯುವ ಹೊದಿಕೆ ಸುತ್ತಿ, ಇಲ್ಲದಿದ್ದರೆ ಅರ್ಧ ಬಿಸಿ ದಾರಿಯಲ್ಲೇ ಹೋಗುತ್ತದೆ.

ಹೊಗೆ ಪೈಪಿನ ಬಾಯಿ ಗಾಳಿ ಬೀಸಿ ಹೋಗುವ ದಿಕ್ಕಿಗಿರಲಿ. ಕಿಟಕಿಯಿಂದಲೂ ಗಾಡಿಯ ಅಡಿಯಿಂದಲೂ ದೂರವಿರಲಿ, ನೀರು ನಿಲ್ಲದಂತೆ ಇಳಿಜಾರಾಗಿರಲಿ. ಗಾಡಿಯ ಮರೆಯಲ್ಲಿ, ಗಾಳಿ ಬೀಳದ ಪಕ್ಕದಲ್ಲಿ ಇಟ್ಟರೆ ಒಳ್ಳೆಯದು ಅಂತ ಅನ್ನಿಸುತ್ತದೆ ಅಲ್ವಾ? ಅಲ್ಲಿ ಗಾಳಿ ಸುಳಿ ಸುತ್ತುತ್ತದೆ, ಹೊಗೆ ಅಲ್ಲೇ ನಿಲ್ಲುತ್ತದೆ. ಗಾಡಿಯ ಉದ್ದಕ್ಕೂ ಗಾಳಿ ಹಾಯುವಂತೆ ನಿಲ್ಲಿಸಿಕೊಳ್ಳುವುದು ಮೇಲು. ಒಣಹುಲ್ಲಿನ ಮೇಲೆ ಇಡಬೇಡಿ. ಹಿಮ ಬೀಳುವ ಜಾಗವಾದರೆ ಪೆಟ್ಟಿಗೆಯನ್ನು ನೆಲದಿಂದ ಎತ್ತರಿಸಿ ಇಡಿ, ಹೊಗೆಯ ಬಾಯಿ ಹಿಮದಲ್ಲಿ ಹೂತುಹೋಗದಂತೆ ನೋಡಿಕೊಳ್ಳಿ. ಈ ಪೆಟ್ಟಿಗೆಗಳು ಮಳೆಯಲ್ಲಿ ನೆನೆಯುವಂಥವಲ್ಲ. ಮೇಲೊಂದು ಮರೆ ಬೇಕು. ಆದರೆ ಸುತ್ತಲೂ ಮುಚ್ಚಬಾರದು.

ಅಲಾರಂ ಬಗ್ಗೆ ಒಂದು ಮಾತು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಈ ಹೀಟರ್ ಹಚ್ಚಲೇಬೇಡಿ. ಗಾಡಿ, ದೋಣಿಗಳಿಗೆಂದೇ ಇಎನ್ 50291-2 ಅನ್ನುವ ಯುರೋಪಿನ ಮಾನದಂಡ ಇದೆ. ಅಲುಗಾಟ ತಡೆಯುವಂತೆ ಪರೀಕ್ಷಿಸಿದ ಅಲಾರಂಗಳ ಮೇಲೆ ಅದು ಬರೆದಿರುತ್ತದೆ. ಅದು ಹೇಗೆ ಕೂಗುತ್ತದೆ ಅಂತಲೂ ತಿಳಿದಿರಲಿ. ಗಾಳಿಯಲ್ಲಿ ಈ ಅನಿಲ 300 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 300 ಭಾಗ, ಇದ್ದರೆ 3 ನಿಮಿಷದೊಳಗೆ ಕೂಗಬೇಕು. 50 ಪಿಪಿಎಂ ಮಾತ್ರ ಇದ್ದರೆ ಕೂಗುವುದು 60ರಿಂದ 90 ನಿಮಿಷಗಳ ನಡುವೆ. ಅಂದರೆ ಅಲಾರಂ ಸುಮ್ಮನಿದೆ ಅಂದಮಾತ್ರಕ್ಕೆ ಗಾಳಿ ಪೂರ್ತಿ ಶುದ್ಧ ಅಂತಲ್ಲ. ಅಂಕಿ ತೋರಿಸುವ ಪರದೆ ಇರುವ ಅಲಾರಂ ಕೊಂಡರೆ ಆ ಕಡಿಮೆ ಮಟ್ಟವೂ ಕಣ್ಣಿಗೆ ಬೀಳುತ್ತದೆ. ನೀವು ಮಲಗುವ ಎತ್ತರದಲ್ಲಿ, ತಲೆಯ ಹತ್ತಿರ ಇಡಿ. ಸೆನ್ಸರ್‌ಗೆ ಆಯುಸ್ಸು ಇದೆ, ಬದಲಿಸುವ ದಿನಾಂಕ ಅದರ ಮೇಲೇ ಇರುತ್ತದೆ. ಅಲಾರಂ ಇದ್ದರೂ ಒಂದು ಕಿಟಕಿಯನ್ನು ಬೆರಳಗಲ ತೆರೆದಿಡಿ, ಹೊಗೆ ಪೈಪಿನ ಎದುರು ಪಕ್ಕದ್ದನ್ನು.

ಇನ್ನು ಯಾವ ಅಳತೆಯ ಹೀಟರ್? ಹೆಚ್ಚಿನವರು ದೊಡ್ಡದಕ್ಕೇ ಕೈ ಹಾಕುತ್ತಾರೆ. ಇದು ತಪ್ಪು ಅಂತ ನನ್ನ ಭಾವನೆ. ಕಾರಿಗೆ, ಸಣ್ಣ ವ್ಯಾನಿಗೆ 2 ಕಿಲೋವ್ಯಾಟ್ ಧಾರಾಳ ಸಾಕು. 5 ಕಿಲೋವ್ಯಾಟ್‌ನದನ್ನು ಅಲ್ಲಿಟ್ಟರೆ ಹತ್ತು ನಿಮಿಷಕ್ಕೆ ಸೆಕೆ. ಆಮೇಲೆ ರಾತ್ರಿಯಿಡೀ ಅದನ್ನು ತೀರಾ ಕಡಿಮೆಗೆ ಇಳಿಸಿ ಓಡಿಸಬೇಕು. ಕಡಿಮೆ ಉರಿಯಲ್ಲಿ ಡೀಸೆಲ್ ಪೂರ್ತಿ ಸುಡುವುದಿಲ್ಲ, ಮಸಿ ಕಟ್ಟುತ್ತದೆ. ಮಸಿ ಕಟ್ಟಿದ ಹೀಟರ್ ಹೊತ್ತಿಕೊಳ್ಳಲು ಒದ್ದಾಡುತ್ತದೆ, ಬಿಳಿ ಹೊಗೆ ಕಾರುತ್ತದೆ. ಕಡಿಮೆಯಲ್ಲಿ ಓಡಿಸಿದ್ದರೆ ಆರಿಸುವ ಮೊದಲು ಒಂದು ಕಾಲು ಗಂಟೆ ಜೋರಾಗಿ ಉರಿಯಲು ಬಿಡಿ.

ಎತ್ತರದ ಜಾಗದಲ್ಲಿ ಇದೇ ತೊಂದರೆ ಇನ್ನೂ ಜಾಸ್ತಿ. 3000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 70 ಪ್ರತಿಶತ ಮಾತ್ರ. ಪಂಪ್ ತಳ್ಳುವ ಡೀಸೆಲ್ ಅಷ್ಟೇ, ಉರಿಯಲು ಸಿಗುವ ಆಮ್ಲಜನಕ ಕಡಿಮೆ. ಬೆಟ್ಟಕ್ಕೆ ಹೋಗುವವರು ಎತ್ತರಕ್ಕೆ ತಕ್ಕಂತೆ ಡೀಸೆಲ್ ಕಡಿಮೆ ಮಾಡುವ ವ್ಯವಸ್ಥೆ ಇರುವ ಹೀಟರನ್ನೇ ನೋಡಿ. ತೀರಾ ಚಳಿಯಲ್ಲಿ ಡೀಸೆಲಿನಲ್ಲಿರುವ ಮೇಣ ಗಟ್ಟಿಯಾಗಿ ಪೈಪು ಕಟ್ಟಿಕೊಳ್ಳುತ್ತದೆ, ಅಲ್ಲಿ ಸಿಗುವ ಚಳಿಗಾಲದ ಡೀಸೆಲ್ ತುಂಬಿಸಿಕೊಳ್ಳಿ. ಪೆಟ್ರೋಲ್ ಮಾತ್ರ ಒಂದು ಹನಿಯೂ ಬೇಡ.

ಖರ್ಚಿನ ಲೆಕ್ಕದಲ್ಲಿ ಈ ಹೀಟರ್ ನಿಜಕ್ಕೂ ಮಿತವ್ಯಯಿ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಇದೆ. 2 ಕಿಲೋವ್ಯಾಟ್ ಹೀಟರ್ ಪೂರ್ತಿ ಜೋರಲ್ಲಿ ಓಡಿದರೂ ಗಂಟೆಗೆ ಕಾಲು ಲೀಟರ್ ಆಸುಪಾಸು. ತೊಂದರೆ ಬ್ಯಾಟರಿಯದ್ದು. ಹೊತ್ತಿಸುವಾಗ ಗ್ಲೋ ಪ್ಲಗ್ ಕೆಲವು ನಿಮಿಷ 8ರಿಂದ 10 ಆಂಪ್ಸ್ ಎಳೆಯುತ್ತದೆ, ಆಮೇಲೆ ಫ್ಯಾನು, ಪಂಪಿಗೆ ಒಂದೆರಡು ಆಂಪ್ಸ್ ಸಾಕು. ತಂತಿ ತೆಳುವಾಗಿದ್ದರೆ ಹೊತ್ತಿಸುವ ಹೊತ್ತಲ್ಲೇ ವೋಲ್ಟೇಜ್ ಕುಸಿದು ಹೀಟರ್ ಶುರುವಾಗುವುದೇ ಇಲ್ಲ. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಇದನ್ನು ರಾತ್ರಿಯಿಡೀ ಓಡಿಸಬೇಡಿ. ಬೆಳಗ್ಗೆ ಇಂಜಿನ್ ತಿರುಗದಿದ್ದರೆ ಆ ಚಳಿಯಲ್ಲಿ ಏನು ಮಾಡುತ್ತೀರಿ? ಬೇರೆ ಬ್ಯಾಟರಿ ಇರಲಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಅದನ್ನು ಒಳಗೆ ಬೆಚ್ಚನೆ ಜಾಗದಲ್ಲಿಡಿ.

ಇಷ್ಟೆಲ್ಲ ಹೇಳಿದ ಮೇಲೂ, ಹೀಟರ್ ಕೊಳ್ಳುವ ಮೊದಲು ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಕೊಳ್ಳಿ ಅನ್ನುತ್ತೇನೆ. ಫ್ಯೂಸ್ ಹೋಗಬಹುದು, ಡೀಸೆಲ್ ಮುಗಿಯಬಹುದು, ನಡುರಾತ್ರಿ ಪರದೆಯ ಮೇಲೆ ಯಾವುದೋ ಎರರ್ ಕೋಡ್ ಮೂಡಬಹುದು. ಆಗಲೂ ಬೆಳಗಿನ ತನಕ ಮಲಗಿರಲು ಸಾಧ್ಯವಾಗಬೇಕು. ಬ್ಯಾಗಿನ ಮೇಲೆ ಎರಡು ಉಷ್ಣತೆ ಬರೆದಿರುತ್ತಾರೆ, ಕಂಫರ್ಟ್ ಮತ್ತು ಲಿಮಿಟ್. ಕಂಫರ್ಟ್ ಅಂದರೆ ಆರಾಮವಾಗಿ ಮಲಗಬಹುದಾದ ಉಷ್ಣತೆ, ಲಿಮಿಟ್ ಅಂದರೆ ಮುದುಡಿಕೊಂಡು ಹೇಗೋ ಮಲಗಬಹುದಾದದ್ದು. ನೋಡಬೇಕಾದದ್ದು ಕಂಫರ್ಟ್. ಮಲಗುವ ಮ್ಯಾಟ್ ದಪ್ಪಗಿರಲಿ, ಗಾಜುಗಳಿಗೆಲ್ಲ ಒಳಗಿನಿಂದ ಶಾಖ ತಡೆಯುವ ಹಾಳೆ ಮುಚ್ಚಿ. ನನಗೆ ಸರಿಬಂದ ಕ್ರಮ ಇದು: ಸಂಜೆ ಗಾಡಿ ಬೆಚ್ಚಗಾಗುವವರೆಗೆ ಹೀಟರ್ ಓಡಿಸಿ, ಮಲಗುವ ಮುಂಚೆ ಆರಿಸಿಬಿಡುವುದು. ಬೆಳಗ್ಗೆ ಎದ್ದು, ಹೊರಗೆ ಒಮ್ಮೆ ಪೈಪುಗಳನ್ನು ನೋಡಿಕೊಂಡು ಬಂದು, ಮತ್ತೆ ಹಚ್ಚುವುದು. ಸದ್ದೂ ಇಲ್ಲ, ನಿದ್ದೆಯಲ್ಲಿ ಅಪಾಯವೂ ಇಲ್ಲ. ಪಕ್ಕದಲ್ಲಿ ಬೇರೆಯವರು ಮಲಗಿದ್ದರೆ ಅವರಿಗೂ ಆ ಟಿಕ್ ಟಿಕ್ ತಪ್ಪುತ್ತದೆ.

ಆರಿಸುವುದು ಅಂದರೆ ಗುಂಡಿಯಿಂದಲೇ ಆರಿಸಬೇಕು. ಬ್ಯಾಟರಿಯ ತಂತಿ ಕಿತ್ತು ಅಲ್ಲ. ಗುಂಡಿ ಒತ್ತಿದ ಮೇಲೂ ಫ್ಯಾನು ಕೆಲವು ನಿಮಿಷ ತಿರುಗಿ ಒಳಗಿನ ಬಿಸಿಯನ್ನು ಹೊರಹಾಕುತ್ತದೆ. ನಡುವೆ ಕರೆಂಟ್ ತಪ್ಪಿಸಿದರೆ ಆ ಬಿಸಿ ಒಳಗೇ ಉಳಿದು ಫ್ಯಾನಿನ ಮೋಟರು, ಸರ್ಕ್ಯೂಟು ಹಾಳಾಗುತ್ತವೆ. ಪೂರ್ತಿ ತಣ್ಣಗಾದ ಮೇಲೆ ಹೊಗೆ ಪೈಪು ಬಿಚ್ಚಿ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತು ಇರುತ್ತದೆ. ಹಾಗಾಗಿ ಪೆಟ್ಟಿಗೆಯನ್ನು ಗಾಡಿಗೆ ಏರಿಸುವ ಮೊದಲು ಉಳಿದ ಡೀಸೆಲನ್ನು ಕ್ಯಾನಿಗೆ ಸುರಿದುಕೊಳ್ಳಿ, ಪೆಟ್ಟಿಗೆ ನೆಟ್ಟಗೆ ನಿಂತಿರುವಂತೆ ಕಟ್ಟಿ. ಹೊದಿಕೆಗೆ ಡೀಸೆಲ್ ತಗುಲಿದರೆ ಎಷ್ಟು ಒಗೆದರೂ ಆ ವಾಸನೆ ಬೇಗ ಹೋಗುವುದಿಲ್ಲ.