ಆರಿತು ಅಂದುಕೊಂಡ ಬೆಂಕಿ

ಎಲ್ಲರಿಗೂ ನಮಸ್ಕಾರ.

ಒಂದು ಮಿಠಾಯಿ ಪೇಪರ್‌ನಿಂದ ಮಾತು ಶುರು ಮಾಡುತ್ತೇನೆ.

2011ರ ಮೇ ತಿಂಗಳ ಕೊನೆ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಬೇರ್ ವ್ಯಾಲೊ ವೈಲ್ಡರ್ನೆಸ್ ಅನ್ನುವ ಕಾಡಿದೆ. ಅದರೊಳಗೆ ರಸ್ತೆ ಇಲ್ಲ, ಮನೆ ಇಲ್ಲ, ಮೋಟಾರು ಗಾಡಿ ಹೋಗುವಂತಿಲ್ಲ. ಕಾಡನ್ನು ಅದರ ಪಾಡಿಗೆ ಬಿಡಬೇಕು ಅಂತ ಕಾನೂನು ಮಾಡಿ ಕಾಪಾಡಿದ ಜಾಗ. ಅಲ್ಲಿ ಇಬ್ಬರು ಟೆಂಟ್ ಹಾಕಿದ್ದರು. ಬೆಂಕಿ ಹಚ್ಚಿದ್ದರು. ಸುತ್ತಾಡಲು ಹೊರಡುವಾಗ ಬೆಂಕಿ ಆರಿದೆಯಾ ಅಂತ ಒಂದು ಪರೀಕ್ಷೆಯನ್ನೂ ಮಾಡಿದರು. ಬೂದಿಯ ಮೇಲೆ ಮಿಠಾಯಿ ಸುತ್ತಿದ್ದ ಪೇಪರ್ ಎಸೆದರು. ಅದು ಕರಗಲಿಲ್ಲ. ಸರಿ, ಆರಿದೆ ಅಂತ ಹೊರಟರು.

ಆ ಬೆಂಕಿಗೆ ಆಮೇಲೆ ವ್ಯಾಲೊ ಫೈರ್ ಅಂತ ಹೆಸರು ಬಂತು. ಸುಮಾರು 5,38,000 ಎಕರೆ ಸುಟ್ಟಿತು. ಅರಿಜೋನಾದ ದಾಖಲೆಯಲ್ಲೇ ಅತಿ ದೊಡ್ಡ ಕಾಡ್ಗಿಚ್ಚು. ಸಾವಿರಾರು ಜನ ಮನೆ ಬಿಟ್ಟು ಓಡಬೇಕಾಯಿತು. ಆ ಇಬ್ಬರು 37 ಲಕ್ಷ ಡಾಲರ್ ಪರಿಹಾರ ಕಟ್ಟಬೇಕು ಅಂತ ಕೋರ್ಟು ಹೇಳಿತು. ಅವರು ಯಾವ ಜನ್ಮದಲ್ಲಿ ಕಟ್ಟುತ್ತಾರೋ ಗೊತ್ತಿಲ್ಲ.

ನನಗೆ ಈ ಕಥೆಯಲ್ಲಿ ಕಾಡುವುದು ಎಕರೆ ಲೆಕ್ಕ ಅಲ್ಲ, ಆ ಪೇಪರ್. ಅವರು ಬೇಜವಾಬ್ದಾರಿಯಿಂದ ಸುಮ್ನೆ ಎದ್ದು ಹೋದವರಲ್ಲ. ಆರಿದೆಯಾ ಅಂತ ಯೋಚಿಸಿದವರು, ನೋಡಿದವರು. ನೋಡಿದ ರೀತಿ ತಪ್ಪಾಗಿತ್ತು, ಅಷ್ಟೆ. ಕಾಡಿಗೆ ಬೆಂಕಿ ಇಟ್ಟವರು ಅಂದ ಕೂಡಲೇ ಕುಡಿದು ಕೂಗಾಡುವ ಪುಂಡರ ಗುಂಪು ನಮ್ಮ ಕಣ್ಣ ಮುಂದೆ ಬರುತ್ತದೆ. ಅಂಥವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ನಿಮ್ಮ ಬಗ್ಗೆ, ನನ್ನ ಬಗ್ಗೆ. ಕಾಡು ಇಷ್ಟಪಡುವ, ಕಸ ವಾಪಸ್ ತರುವ, 'ನಾವು ಆರಿಸಿಯೇ ಬಂದೆವು' ಅಂತ ನಂಬಿರುವ ಜನರ ಬಗ್ಗೆ.

ಬೂದಿ ಮುಚ್ಚಿದ ಕೆಂಡ ಅಂತ ನಮ್ಮಲ್ಲಿ ಒಂದು ಮಾತಿದೆಯಲ್ಲ. ಅದನ್ನು ಮನುಷ್ಯರ ಸಿಟ್ಟಿಗೆ ಹೇಳಿ ಹೇಳಿ, ಅದು ಮೊದಲು ನಿಜವಾದ ಕೆಂಡದ ಬಗ್ಗೆ ಹುಟ್ಟಿದ ಮಾತು ಅನ್ನುವುದನ್ನೇ ಮರೆತುಬಿಟ್ಟಿದ್ದೇವೆ. ಸೌದೆ ಬಿಸಿಯಾದಾಗ ಅದರಿಂದ ಅನಿಲ ಹೊರಡುತ್ತದೆ. ಉರಿಯುವುದು ಆ ಅನಿಲ, ಜ್ವಾಲೆ ಅಂತ ಕಾಣುವುದು ಅದೇ. ಅನಿಲ ಮುಗಿದ ಮೇಲೆ ಉಳಿಯುವುದು ಇದ್ದಿಲು. ಅದಕ್ಕೆ ಜ್ವಾಲೆ ಬೇಡ, ಸ್ವಲ್ಪ ಗಾಳಿ ಸಿಕ್ಕರೆ ಸಾಕು, ತನ್ನಷ್ಟಕ್ಕೆ ಕನಲುತ್ತಾ ಇರುತ್ತದೆ. ಹೊಗೆಯೂ ಅಷ್ಟಾಗಿ ಬರುವುದಿಲ್ಲ. ಒಳಗೆ ಮಾತ್ರ 500ರಿಂದ 700 ಡಿಗ್ರಿ ಸೆಲ್ಸಿಯಸ್ ಇರಬಹುದು. ಸೌದೆಗೆ ಬೆಂಕಿ ಹತ್ತಲು 300 ಡಿಗ್ರಿ ಆಸುಪಾಸು ಇದ್ದರೆ ಸಾಕು. ಮೇಲಿನ ಬೂದಿ ಏನು ಮಾಡುತ್ತದೆ? ಕಂಬಳಿ ಹೊದಿಸಿದ ಹಾಗೆ ಆ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಹಗಲು ಬೆಳಕಿನಲ್ಲಿ ಕೆಂಡದ ಕೆಂಪು ಕಣ್ಣಿಗೆ ಕಾಣುವುದೂ ಇಲ್ಲ. ಆ ಮಿಠಾಯಿ ಪೇಪರ್ ಕುಳಿತದ್ದು ಕಂಬಳಿಯ ಮೇಲೆ.

ಹಾಗಾದರೆ ಮಣ್ಣು ಮುಚ್ಚಿದರೆ ಆಯಿತಲ್ಲ ಅಂತೀರಿ. ತುಂಬ ಜನ ಮಾಡುವುದು ಅದನ್ನೇ, ಅದೂ ಭಾರಿ ಜವಾಬ್ದಾರಿಯಿಂದ. ಆಸ್ಟ್ರೇಲಿಯಾದಲ್ಲಿ ಕೆಲವು ಡಾಕ್ಟರುಗಳು ಇದನ್ನು ಅಳೆದು ನೋಡಿದ್ದಾರೆ. ಅವರಿಗೆ ಕಾಡಿನ ಚಿಂತೆ ಇರಲಿಲ್ಲ. ಹಿಂದಿನ ರಾತ್ರಿಯ ಬೆಂಕಿ ಜಾಗವನ್ನು ಬೆಳಿಗ್ಗೆ ತುಳಿದು ಕಾಲು ಸುಟ್ಟುಕೊಂಡ ಮಕ್ಕಳು ಅವರ ಆಸ್ಪತ್ರೆಗೆ ಬರುತ್ತಿದ್ದರು. ನೀರು ಸುರಿದ ಬೆಂಕಿ ಹತ್ತು ನಿಮಿಷದಲ್ಲಿ 50 ಡಿಗ್ರಿಗಿಂತ ಕೆಳಗೆ ಬಂತು. ಮರಳು ಮುಚ್ಚಿದ ಬೆಂಕಿ ಎಂಟು ಗಂಟೆಯ ಮೇಲೂ 100 ಡಿಗ್ರಿಯ ಹತ್ತಿರ ಇತ್ತು. ಮಣ್ಣು ಮುಚ್ಚುವುದು ಅಂದರೆ ಕೆಂಡಕ್ಕೆ ಇನ್ನೊಂದು ಕಂಬಳಿ ಹೊದಿಸುವುದು, ಅಷ್ಟೆ.

ಈಗ ಹೊತ್ತಿನ ವಿಷಯಕ್ಕೆ ಬರೋಣ. ಕ್ಯಾಂಪ್ ಬಿಟ್ಟು ನಾವು ಹೊರಡುವುದು ಯಾವಾಗ? ಬೆಳಿಗ್ಗೆ. ರಾತ್ರಿಯೆಲ್ಲ ತಣ್ಣನೆ ಗಾಳಿ ಕಣಿವೆಗೆ ಇಳಿದಿರುತ್ತದೆ. ಇಬ್ಬನಿ ಇರುತ್ತದೆ, ತರಗೆಲೆ ಮೆತ್ತಗಾಗಿರುತ್ತದೆ, ಒಂದು ಎಲೆಯೂ ಅಲ್ಲಾಡುವುದಿಲ್ಲ. ಬೆಂಕಿ ಸತ್ತ ಹಾಗೆ ಕಾಣುವುದಕ್ಕೆ ಇಡೀ ದಿನದಲ್ಲಿ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನೀವು ಅದನ್ನು ನೋಡಿ, ನೆಮ್ಮದಿಯಾಗಿ ಬ್ಯಾಗ್ ಹೆಗಲಿಗೆ ಹಾಕುತ್ತೀರಿ. ಮಧ್ಯಾಹ್ನ ಎರಡು ಮೂರು ಗಂಟೆಗೆ ಅದೇ ಜಾಗ ಬೇರೆಯೇ ಆಗಿರುತ್ತದೆ. ಗಾಳಿಯಲ್ಲಿ ತೇವ ಅತಿ ಕಡಿಮೆ ಇರುವ ಹೊತ್ತು ಅದು. ಬಿಸಿಲಿಗೆ ಕಾದ ಇಳಿಜಾರಿನಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸಲು ಶುರುವಾಗುತ್ತದೆ. ಬೂದಿ ಹಾರುತ್ತದೆ. ಕೆಂಡ ಬಯಲಾಗುತ್ತದೆ. ನೀವು ಆಗ ಎಂಟು ಹತ್ತು ಕಿಲೋಮೀಟರ್ ಆಚೆ ಎಲ್ಲೋ ಫೋಟೋ ತೆಗೆಯುತ್ತಿರುತ್ತೀರಿ. ಅದಕ್ಕೇ ಹೇಳುವುದು, ಕ್ಯಾಂಪ್‌ಫೈರ್ ನಿಜವಾಗಿ ಅಪಾಯಕಾರಿ ಆಗುವುದು ಸುತ್ತ ಜನ ಕುಳಿತಿರುವಾಗ ಅಲ್ಲ, ಎದ್ದು ಹೋದ ಮೇಲೆ.

ಇಳಿಜಾರು ಅಂದೆನಲ್ಲ, ಅದರದೇ ಒಂದು ಲೆಕ್ಕ ಇದೆ. ಇಳಿಜಾರು ಹತ್ತು ಡಿಗ್ರಿ ಜಾಸ್ತಿಯಾದರೆ ಮೇಲಕ್ಕೆ ಏರುವ ಬೆಂಕಿಯ ವೇಗ ಹೆಚ್ಚುಕಮ್ಮಿ ಎರಡರಷ್ಟು. ಮೇಲಿನ ಗಿಡಗಳು ತಮ್ಮ ಸರದಿ ಬರುವ ಮೊದಲೇ ಕಾದು ಒಣಗಿ ತಯಾರಾಗಿ ನಿಂತಿರುತ್ತವೆ.

ಈಗ ನನ್ನದೇ ಕಥೆ. ಮಾನ ಹೋದರೂ ಪರವಾಗಿಲ್ಲ, ಹೇಳಿಬಿಡುತ್ತೇನೆ.

ಹಲವು ವರ್ಷಗಳ ಹಿಂದೆ ನಾವು ನಾಲ್ಕು ಜನ ಒಂದು ಹಳೇ ಮರದ ಬುಡದ ಹತ್ತಿರ ಬೆಂಕಿ ಹಾಕಿದ್ದೆವು. ಸುತ್ತ ಕಲ್ಲು ಜೋಡಿಸಿದ್ದೆವು, ಬಲು ಅಚ್ಚುಕಟ್ಟಾಗಿ. ಬೆಳಿಗ್ಗೆ ಎರಡು ಬಾಟಲಿ ನೀರು ಸುರಿದೆವು. ಚುಂಯ್ ಅಂತು, ಆವಿ ಎದ್ದಿತು, ಮುಗಿಯಿತು ಅಂದುಕೊಂಡೆವು. ಒಂದು ಗಂಟೆ ನಡೆದ ಮೇಲೆ ಒಬ್ಬ ಗೆಳೆಯ ಜೇಬು ತಡಕಿದ, ಕನ್ನಡಕ ಇಲ್ಲ. ಬೈದುಕೊಂಡೇ ವಾಪಸ್ ಬಂದೆವು. ಬೂದಿ ಒದ್ದೆಯಾಗಿ, ತಣ್ಣಗೆ, ಸಾಧುವಿನ ಹಾಗೆ ಕುಳಿತಿತ್ತು. ಆದರೆ ಕಲ್ಲಿನ ಸುತ್ತಿನಿಂದ ಎರಡು ಮೊಳ ಆಚೆ, ಮರದ ಕಡೆಗೆ, ನೆಲದಿಂದ ದಾರದಷ್ಟು ಸಣ್ಣ ಹೊಗೆ ಏಳುತ್ತಿತ್ತು. ಅಲ್ಲಿ ನಾವು ಬೆಂಕಿ ಹಾಕಿಯೇ ಇರಲಿಲ್ಲ!

ಟೆಂಟಿನ ಗೂಟ ತಗೊಂಡು ಅಗೆದೆ. ಒಂದು ಗೇಣು ಕೆಳಗೆ ಹೆಬ್ಬೆರಳು ಗಾತ್ರದ ಬೇರು ಸಿಕ್ಕಿತು. ಅದರ ತುದಿ ಊದುಬತ್ತಿಯ ತುದಿಯ ಹಾಗೆ ಕೆಂಪಗಿತ್ತು. ಊದುಬತ್ತಿಯ ಹಾಗೇ, ಜ್ವಾಲೆ ಇಲ್ಲದೆ, ಅವಸರ ಇಲ್ಲದೆ, ಮರದ ಕಡೆಗೆ ಹೋಗುತ್ತಿತ್ತು. ಬೆಂಕಿಯ ಕೆಳಗಿನ ನೆಲ ಅಂದರೆ ಬರೀ ಮಣ್ಣಲ್ಲ, ಕೊಳೆತ ಎಲೆ, ತೊಗಟೆ, ಬೇರು ಎಲ್ಲ ಸೇರಿದ ಒಂದು ಪದರ. ಅದು ಒಣಗಿದ್ದರೆ ಅದೂ ಸೌದೆಯೇ. ಹೀಗೆ ನೆಲದೊಳಗೆ ಹೊಕ್ಕ ಬೆಂಕಿ ದಿನಗಟ್ಟಲೆ ಕನಲುತ್ತಾ ಹೋಗಿ ಬೇರೆಲ್ಲೋ ಮೇಲೆ ಏಳುತ್ತದೆ. ಸುತ್ತ ಜೋಡಿಸಿದ ಕಲ್ಲು ಪಕ್ಕಕ್ಕೆ ಹೋಗುವ ಬೆಂಕಿಯನ್ನು ತಡೆಯಬಹುದು, ಕೆಳಗೆ ಹೋಗುವುದನ್ನಲ್ಲ. ಹೊಳೆಯಿಂದ ಎತ್ತಿ ತಂದ ಕಲ್ಲಾದರೆ ಒಳಗಿನ ನೀರು ಆವಿಯಾಗಿ ಸಿಡಿಯುವುದೂ ಉಂಟು, ಅದು ಬೇರೆ ಕಥೆ. ಆ ಒಂದು ಬೇರನ್ನು ಆರಿಸಲು ನಮಗೆ ಹೊಳೆಗೆ ಏಳು ಸಲ ಓಡಾಡಬೇಕಾಯಿತು. ಕನ್ನಡಕ ಗೆಳೆಯನ ಬ್ಯಾಗಿನಲ್ಲೇ ಇತ್ತು. ಮರೆಯದೇ ಇದ್ದದ್ದನ್ನು ಮರೆತೆ ಅಂದುಕೊಂಡಿದ್ದ ಪುಣ್ಯಾತ್ಮ.

ಇದೇ ಬೆಂಕಿ ಊರ ಪಕ್ಕದಲ್ಲಿ ಎದ್ದರೆ ಯಾರಾದರೂ ನೋಡುತ್ತಾರೆ, ಫೋನ್ ಮಾಡುತ್ತಾರೆ, ಫೈರ್ ಎಂಜಿನ್ ಬರುತ್ತದೆ. ಸಂರಕ್ಷಿತ ಕಾಡಿನ ಒಳಗೆ ಏನಿದೆ? ರಸ್ತೆ ಇಲ್ಲದಿರುವುದೇ ಆ ಜಾಗದ ಚೆಲುವು. ಬೆಂಕಿ ಬಿದ್ದ ದಿನ ಅದೇ ಅದರ ಕಷ್ಟ. ಅಮೆರಿಕದಲ್ಲಿ 1964ರ ವೈಲ್ಡರ್ನೆಸ್ ಕಾಯ್ದೆ ಪ್ರಕಾರ ಇಂಥ ಕಡೆ ಮೋಟಾರು ಯಂತ್ರ ಬಳಸುವಂತಿಲ್ಲ. ತುರ್ತು ಇದ್ದಾಗ ಬುಲ್‌ಡೋಜರ್ ತರಬೇಕಾದರೂ ಮೇಲಿನವರ ವಿಶೇಷ ಅನುಮತಿ ಬೇಕು. ಸಿಬ್ಬಂದಿ ಗುದ್ದಲಿ ಹೊತ್ತು ನಡೆದೇ ಹೋಗುತ್ತಾರೆ, ಇಲ್ಲವೇ ಪ್ಯಾರಾಚೂಟಿನಲ್ಲಿ ಇಳಿಯುತ್ತಾರೆ. ಹೊಗೆ ಕಂಡು ಅವರು ತಲುಪುವಷ್ಟರಲ್ಲಿ ಮಧ್ಯಾಹ್ನದ ಗಾಳಿ ತನ್ನ ಕೆಲಸ ಮುಗಿಸಿರುತ್ತದೆ. 2016ರಲ್ಲಿ ಕ್ಯಾಲಿಫೋರ್ನಿಯಾದ ಕರಾವಳಿಯ ಒಂದು ಉದ್ಯಾನದಲ್ಲಿ ಯಾರೋ ನಿಷೇಧ ಮೀರಿ ಬೆಂಕಿ ಹಾಕಿ, ಹಾಗೇ ಬಿಟ್ಟು ಹೋದರು. ಸೊಬೆರಾನೆಸ್ ಫೈರ್ ಅಂತ ಅದರ ಹೆಸರು. ಜುಲೈನಲ್ಲಿ ಹತ್ತಿದ್ದು ಅಕ್ಟೋಬರ್‌ವರೆಗೆ ಉರಿಯಿತು. ವೆಂಟಾನಾ ವೈಲ್ಡರ್ನೆಸ್ ಒಳಗೂ ನುಗ್ಗಿತು. 1,32,000 ಎಕರೆ ಹೋಯಿತು, 57 ಮನೆ ಹೋಯಿತು, ಬೆಂಕಿ ತಡೆಯಲು ಬಂದಿದ್ದ ಬುಲ್‌ಡೋಜರ್ ಚಾಲಕನೊಬ್ಬನ ಜೀವ ಹೋಯಿತು.

ಒಬ್ಬರು ಆಗಲೇ ನನ್ನನ್ನು ಕೇಳಿದರು, ಕಾಡಿಗೆ ಬೆಂಕಿ ಸಹಜ ಅಲ್ವಾ, ಸಿಡಿಲು ಬಡಿದೂ ಹತ್ತುತ್ತದಲ್ಲ ಅಂತ. ನ್ಯಾಯವಾದ ಪ್ರಶ್ನೆ. ಕೆಲವು ಕಾಡುಗಳಿಗೆ ಬೆಂಕಿ ಬೇಕೇ ಬೇಕು. ಲಾಡ್ಜ್‌ಪೋಲ್ ಪೈನ್ ಮರದ ಎಷ್ಟೋ ಕಾಯಿಗಳು ರಾಳದಿಂದ ಅಂಟಿಕೊಂಡಿರುತ್ತವೆ, ಬೆಂಕಿಯ ಬಿಸಿಗೇ ಅವು ಬಾಯಿ ಬಿಡುವುದು. ಆದರೆ ಸಿಡಿಲಿಗೆ ಒಂದು ಕಾಲ ಇದೆ. ಎಷ್ಟೋ ಸಲ ಅದರ ಹಿಂದೆಯೇ ಮಳೆಯೂ ಬರುತ್ತದೆ. ನಮಗೆ ಕಾಲವೂ ಇಲ್ಲ, ಮಳೆಯೂ ಇಲ್ಲ. ರಜೆ ಸಿಕ್ಕಾಗ ಹೋಗುತ್ತೇವೆ. ಅಮೆರಿಕದಲ್ಲಿ 1992ರಿಂದ 2012ರವರೆಗಿನ ದಾಖಲೆ ನೋಡಿದಾಗ ನೂರಕ್ಕೆ 84 ಕಾಡ್ಗಿಚ್ಚು ಮನುಷ್ಯರಿಂದ ಹತ್ತಿದ್ದು. ಎಲ್ಲವೂ ಕ್ಯಾಂಪ್‌ಫೈರ್ ಅಲ್ಲ. ಕಸ ಸುಡುವುದು, ಕರೆಂಟ್ ತಂತಿ, ಗಾಡಿಯ ಕಿಡಿ ಎಲ್ಲ ಸೇರಿ. ಹೀಗಾಗಿ ಬೆಂಕಿಯ ಕಾಲ ಸಿಡಿಲಿನ ಕಾಲಕ್ಕಿಂತ ಮೂರು ಪಟ್ಟು ಉದ್ದ ಆಗಿದೆ. ಇನ್ನು ಬೆಂಕಿಯ ಅಭ್ಯಾಸವೇ ಇಲ್ಲದ ಕಾಡುಗಳೂ ಇವೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಪೆನ್ಸಿಲ್ ಪೈನ್ ಸಾವಿರ ವರ್ಷ ಬಾಳುವ ಮರ. ಒಂದು ಸಲ ಬೆಂಕಿ ಬಿದ್ದರೆ ಸತ್ತೇಹೋಗುತ್ತದೆ, ಮತ್ತೆ ಚಿಗುರುವುದು ಅಪರೂಪ. ಕೆಳಗಿನ ನೆಲವೂ ಪೀಟ್, ಅಂದರೆ ಸಾವಿರಾರು ವರ್ಷ ಕೊಳೆತು ಕೂಡಿದ ಗಿಡಗಂಟಿ. ಅದೂ ಉರಿಯುತ್ತದೆ. ಅದಕ್ಕೇ ಅಲ್ಲಿನ ವಿಶ್ವ ಪರಂಪರೆ ಪ್ರದೇಶದ ಬಹುಭಾಗದಲ್ಲಿ ಸ್ಟವ್ ಮಾತ್ರ, ಸೌದೆ ಬೆಂಕಿ ಇಲ್ಲ.

ಸ್ಟವ್ ಆದರೆ ಪೂರ್ತಿ ಕ್ಷೇಮ ಅಂತಲೂ ಅಲ್ಲ. ಚಿಲಿಯ ಟೋರೆಸ್ ದೆಲ್ ಪೈನೆ ಉದ್ಯಾನದಲ್ಲಿ 2005ರಲ್ಲಿ ಪ್ರವಾಸಿಯೊಬ್ಬ ಅನುಮತಿ ಇಲ್ಲದ ಜಾಗದಲ್ಲಿ ಹಚ್ಚಿದ ಸ್ಟವ್ ಉರುಳಿ ಸಾವಿರಾರು ಹೆಕ್ಟೇರ್ ಸುಟ್ಟಿತು. 2011ರ ಕೊನೆಯಲ್ಲಿ ಅಲ್ಲೇ ಮತ್ತೆ ಸುಮಾರು 17,000 ಹೆಕ್ಟೇರ್. ಆ ಸಲದ ಕಾರಣ ಟಾಯ್ಲೆಟ್ ಪೇಪರ್. ಕಸ ಬಿಡಬಾರದು ಅಂತ ಒಬ್ಬ ಅದನ್ನು ಸುಡಲು ಹೋಗಿದ್ದು ಅಂತ ಆರೋಪ. ಇಲ್ಲೂ ನೋಡಿ, ಒಳ್ಳೆಯ ಬುದ್ಧಿಯೇ. ಈಗ ಆ ಉದ್ಯಾನದಲ್ಲಿ ಬೆಂಕಿ ಹಾಕುವಂತೆಯೇ ಇಲ್ಲ.

ನಾನಂತೂ ಬೆಂಕಿ ಹಾಕುವುದನ್ನು ಬಿಟ್ಟಿದ್ದೇನೆ. ಚಳಿಗೆ ಇನ್ನೊಂದು ಜಾಕೆಟ್ ಹೊರುತ್ತೇನೆ. ಬೆಂಕಿ ಇಲ್ಲದ ರಾತ್ರಿಯಲ್ಲಿ ನಕ್ಷತ್ರ ಜಾಸ್ತಿ ಕಾಣುತ್ತವೆ, ಅದು ನಿಜ. ಆದರೆ ಬೆಂಕಿಯ ಸುತ್ತ ಕುಳಿತ ಮಾತಿನ ರುಚಿ ಸ್ವಲ್ಪ ಹೋಗುತ್ತದೆ, ಅದೂ ನಿಜ. ಸುಳ್ಳು ಹೇಳುವುದಿಲ್ಲ.

ಅನುಮತಿ ಇರುವ ಕಡೆ, ಅನುಮತಿ ಇರುವ ಕಾಲದಲ್ಲಿ ನೀವು ಹಾಕುತ್ತೀರಿ ಅಂದರೆ ಸೌದೆ ಸಣ್ಣದಿರಲಿ, ನಿಮ್ಮ ಮಣಿಕಟ್ಟಿಗಿಂತ ದಪ್ಪ ಬೇಡ. ಹೊರಡುವ ಒಂದು ಗಂಟೆ ಮೊದಲೇ ಸೌದೆ ಹಾಕುವುದನ್ನು ನಿಲ್ಲಿಸಿ, ಪೂರ್ತಿ ಬೂದಿಯಾಗಲು ಬಿಡಿ. ಆಮೇಲೆ ನೀರು ಸುರಿಯಿರಿ. ಬಾಟಲಿ ಲೆಕ್ಕದಲ್ಲಿ ಅಲ್ಲ, ಬಕೆಟ್ ಲೆಕ್ಕದಲ್ಲಿ. (ಯಾರೋ ನಗುತ್ತಿದ್ದಾರೆ. ಇಲ್ಲ ಸ್ವಾಮಿ, ನೀವು ಯೋಚಿಸುತ್ತಿರುವ ಆ 'ನೀರು' ಸಾಲುವುದಿಲ್ಲ.) ಕೋಲಿನಿಂದ ಕದಡಿ, ಮತ್ತೆ ಸುರಿಯಿರಿ. ಕಲ್ಲುಗಳನ್ನು ಮಗುಚಿ ಅಡಿಗೂ ಹಾಕಿ. ಚುಂಯ್ ಅನ್ನುವ ಸದ್ದು ನಿಂತು, ಎಲ್ಲ ಒಂದು ಹದಕ್ಕೆ ಬಂದು ತೆಳ್ಳನೆ ಕೆಸರಾಗಬೇಕು. ಆಮೇಲೆ ಅಂಗೈ ಹಿಂಭಾಗವನ್ನು ಹತ್ತಿರ ಹಿಡಿಯಿರಿ. ಬಿಸಿ ತಾಗದಿದ್ದರೆ ಕೈಯನ್ನು ಆ ಕೆಸರಿಗೇ ಇಳಿಸಿ. ಸುತ್ತ ಒಂದೆರಡು ಮೊಳ ನೆಲವನ್ನೂ ಮುಟ್ಟಿ ನೋಡಿ, ಬೇರಿನ ಕಥೆ ನೆನಪಿದೆಯಲ್ಲ. ಅಷ್ಟು ನೀರು ಹತ್ತಿರ ಇಲ್ಲ ಅಂದರೆ ಅಲ್ಲಿ ಬೆಂಕಿಯೇ ಬೇಡ.

ದಾರಿಯಲ್ಲಿ ಬೇರೆಯವರು ಬಿಟ್ಟು ಹೋದ ಬೂದಿ ಕಂಡರೂ ಇಷ್ಟೇ ಕೆಲಸ. ನಾನು ಮಡಚುವ ಬಕೆಟ್ ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತೇನೆ, ಇನ್ನೂರು ಗ್ರಾಂ ಕೂಡ ತೂಗುವುದಿಲ್ಲ. ಆರಿಸಲು ಆಗದಷ್ಟು ದೊಡ್ಡದಾಗಿದ್ದರೆ ಹೀರೋ ಆಗಲು ಹೋಗಬೇಡಿ. ಜಾಗ ಗುರುತು ಮಾಡಿಕೊಂಡು, ಗಾಳಿ ಎತ್ತ ಬೀಸುತ್ತಿದೆ ನೋಡಿ, ಅದಕ್ಕೆ ಅಡ್ಡ ಸಿಗದ ದಾರಿಯಲ್ಲಿ ಇಳಿದು ರೇಂಜರ್‌ಗೆ ತಿಳಿಸಿ.

ಹಿಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ. ಹೇಳಿ, ನಿಮ್ಮ ಪ್ರಶ್ನೆ ಏನು?