ಮೀಟರು ಬಿಚ್ಚೋಕೆ ಬಂದವರು

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹಾಸನದ ಕೋರ್ಟಿಗೆ ಹೊರಟಿದ್ದೆ. ಆಲೂರು ಕಡೆಯ ನಮ್ಮೂರಿಂದ ಅವ್ವನ ಫೋನು ಬಂತು. "ಯಾರೋ ಇಬ್ರು ಹುಡುಗ್ರು ಬಂದವ್ರೆ ಕಣವ್ವ. ಮೀಟ್ರು ಬಿಚ್ಚಿ ಹೊಸದು ಹಾಕ್ತೀವಿ ಅಂತಾವ್ರೆ. ಒಳಗ್ ಬಿಡ್ಲಾ, ಬ್ಯಾಡ್ವಾ?"

ನಮ್ಮದು ಹಳೇ ಮನೆ. ಈಗಿನ ಹಾಗೆ ಮೀಟರು ಹೊರಗೋಡೆಯಲ್ಲಿ ಇರಲಿಲ್ಲ. ನಡುಮನೆಯಲ್ಲಿ, ದೇವರ ಫೋಟೋಗಳ ಪಕ್ಕಕ್ಕೇ ಇತ್ತು. ಕಪ್ಪು ಡಬ್ಬಿ, ಗಾಜಿನೊಳಗೆ ಸುತ್ತುವ ತಗಡಿನ ಚಕ್ರ, ಚಕ್ರದ ಅಂಚಿಗೊಂದು ಗುರುತು, ಕೆಳಗೆ ಸೀಸದ ಸೀಲು. ಅಪ್ಪ ಇಸ್ತ್ರಿಪೆಟ್ಟಿಗೆ ಹಾಕಿದರೆ ಆ ಗುರುತು ಎಷ್ಟು ಸಲ ಬಂತು ಅಂತ ನಾವು ಮಕ್ಕಳು ಎಣಿಸುತ್ತಾ ಕೂರುತ್ತಿದ್ದೆವು. ಹೊರಗಿನವರು ಅದನ್ನು ಮುಟ್ಟಬೇಕಾದರೆ ಜಗಲಿ ದಾಟಿ, ಅಡುಗೆಮನೆ ಬಾಗಿಲ ಮುಂದೆ ಹಾದು ಬರಬೇಕು. ಅವ್ವನಿಗೆ ಅಳುಕಿದ್ದದ್ದು ಆ ದಾರಿಯ ಬಗ್ಗೆ.

ಫೋನು ಆ ಹುಡುಗನ ಕೈಗೆ ಕೊಡಿಸಿದೆ. "ಬಿಡಲ್ಲ ಅಂದ್ರೆ ಈಗ್ಲೇ ಕಂಬದಲ್ಲಿ ಕಟ್ ಮಾಡಿ ಹೋಯ್ತೀವಿ ಮೇಡಂ" ಅಂದ. ಆ "ಈಗ್ಲೇ" ಅನ್ನೋ ಮಾತಿನ ಮೇಲೇ ನನ್ನ ಇವತ್ತಿನ ಭಾಷಣ.

2003ರ ವಿದ್ಯುತ್ ಕಾಯ್ದೆಯ 163ನೇ ಕಲಂ ಇದಕ್ಕೆಂದೇ ಇದೆ. ಕರೆಂಟು ಕೊಡುವ ಕಂಪನಿಯವರು ಹೊತ್ತಲ್ಲದ ಹೊತ್ತಿನಲ್ಲಲ್ಲ, ಸರಿಯಾದ ಹೊತ್ತಿನಲ್ಲಿ, ಮನೆಯವರಿಗೆ ತಿಳಿಸಿ ಒಳಗೆ ಬರಬಹುದು. ತಮ್ಮ ಲೈನು, ತಮ್ಮ ಮೀಟರು ನೋಡಬಹುದು, ರಿಪೇರಿ ಮಾಡಬಹುದು, ಬದಲಾಯಿಸಬಹುದು. ಇಷ್ಟಕ್ಕೆ ಬಾಯಿಮಾತಿನ ತಿಳಿವಳಿಕೆ ಸಾಕು. ನಾವು ಬೇಡ ಅಂದರೆ? ಆಗ ಅವರು ಬರಹದಲ್ಲಿ ನೋಟಿಸು ಕೊಡಬೇಕು. ಕೊಟ್ಟು 24 ಗಂಟೆ ಕಳೆದ ಮೇಲೆ ಕರೆಂಟು ಕಡಿಯಬಹುದು. ಅದೂ ನಾವು ತಡೆಯುವಷ್ಟು ದಿನ ಮಾತ್ರ. ಬಾಗಿಲು ತೆಗೆದೆವೋ, ಕರೆಂಟು ವಾಪಸು ಬರಬೇಕು. ಹುಡುಗನಿಗೆ ಇಷ್ಟೇ ಹೇಳಿದೆ: "ಬರೋದು ನಿಮ್ಮ ಹಕ್ಕು ಕಣಪ್ಪ, ಈಗ್ಲೇ ಕಡಿಯೋದು ಅಲ್ಲ."

ಮೀಟರಿನಿಂದ ಒಳಕ್ಕೆ ಹೋಗುವ ವೈರು, ಸ್ವಿಚ್ಚು, ಫ್ಯಾನು ನಮ್ಮವು. ಅವನ್ನು ಪರೀಕ್ಷೆ ಮಾಡುತ್ತೇವೆ ಅಂತ ಬಂದರೆ ಲೆಕ್ಕವೇ ಬೇರೆ. ಅದಕ್ಕೆ ಕಾರ್ಯನಿರ್ವಾಹಕ ದಂಡಾಧಿಕಾರಿಯ, ತಾಲ್ಲೂಕಿನಲ್ಲಾದರೆ ತಹಶೀಲ್ದಾರರ, ವಿಶೇಷ ಆದೇಶ ಬೇಕು. ಜೊತೆಗೆ ಕಡಿಮೆ ಅಂದರೆ 24 ಗಂಟೆ ಮೊದಲು ಲಿಖಿತ ನೋಟಿಸು. ಒಂದೇ ಗೋಡೆ, ಒಂದೇ ಹಲಗೆ. ಆದರೆ ಮೀಟರಿನ ಈಚೆಗೊಂದು ನ್ಯಾಯ, ಆಚೆಗೊಂದು. ನಮ್ಮ ಹಳ್ಳಿಗಳಲ್ಲಿ ಇದನ್ನು ಕೇಳಿದವರು ಕಮ್ಮಿ. ಕೆಇಬಿ ಅನ್ನೋ ಮಂಡಳಿ ಹೋಗಿ ಕಾಲು ಶತಮಾನ ಆದರೂ ನಮಗೆ ಅವರು ಇನ್ನೂ ಕೆಇಬಿಯವರೇ, ಸರ್ಕಾರವೇ. ಸರ್ಕಾರಕ್ಕೆ ಬಾಗಿಲು ಹಾಕೋದುಂಟೇ ಅನ್ನುವ ಭಾವ.

ಕಳ್ಳತನದ ಅನುಮಾನ ಇದ್ದರೆ ಮಾತ್ರ 135ನೇ ಕಲಂ ಬಲು ಗಡುಸು. ಅಧಿಕಾರ ಪಡೆದ ಅಧಿಕಾರಿ ಬೀಗ ಒಡೆದೂ ಶೋಧಿಸಬಹುದು. ಆದರೆ ಮನೆಯವರು ಎದುರಿಗಿರಬೇಕು, ಹಿಡಿದುಕೊಂಡ ವಸ್ತುಗಳ ಪಟ್ಟಿ ಕೊಡಬೇಕು. ಹೊತ್ತು ಮುಳುಗಿದ ಮೇಲೆ ಮನೆಯ ವಯಸ್ಕ ಗಂಡಸು ಇಲ್ಲದೆ ವಾಸದ ಮನೆಗೆ ಕಾಲಿಡುವಂತಿಲ್ಲ. ಹೆಂಗಸರ ರಕ್ಷಣೆಗೇ ಬರೆದದ್ದು, ನಿಜ. ಆದರೂ ಓದಿದಾಗಲೆಲ್ಲ ನನಗೆ ನಗು ಬರುತ್ತೆ. ಮೂವತ್ತು ವರ್ಷದಿಂದ ಒಬ್ಬಳೇ ತೋಟ ನಡೆಸುತ್ತಿರುವ ನಮ್ಮವ್ವನ ಮನೆಗೆ ಕಾನೂನು ಇನ್ನೂ ಗಂಡಸನ್ನು ಹುಡುಕುತ್ತಿದೆ!

ಇಂಗ್ಲೆಂಡಿನಲ್ಲಿ 1954ರಿಂದ ಬೇರೆ ಕ್ರಮ. ತುರ್ತು ಸಂದರ್ಭ ಬಿಟ್ಟರೆ, ಮನೆಯವರು ಒಪ್ಪಬೇಕು, ಇಲ್ಲಾ ಮ್ಯಾಜಿಸ್ಟ್ರೇಟರ ವಾರಂಟು ಬೇಕು. ಕೇಳೋಕೆ ನಮಗಿಂತ ಭದ್ರ. ಆದರೆ ವಾರಂಟುಗಳು ಕಂತೆಗಟ್ಟಲೆ ಸಿಗತೊಡಗಿ, ಬಾಕಿ ಉಳಿಸಿಕೊಂಡ ಬಡವರ ಮನೆಗಳಿಗೆ ನುಗ್ಗಿ ಪ್ರಿಪೇಯ್ಡ್ ಮೀಟರು ಹಾಕಿದ್ದು 2023ರ ಫೆಬ್ರುವರಿಯಲ್ಲಿ ಅಲ್ಲಿ ದೊಡ್ಡ ಗಲಾಟೆಯಾಯಿತು. ಅಂಥ ವಾರಂಟುಗಳನ್ನೇ ಕೆಲಕಾಲ ನಿಲ್ಲಿಸಿದರು. ಆಮೇಲೆ ಬಂದ ನಿಯಮದಲ್ಲಿ, ಮನೆಯಲ್ಲಿ ಆಸರೆಯಿಲ್ಲದ 75 ದಾಟಿದವರ ಮನೆಗೂ ಎರಡು ವರ್ಷದೊಳಗಿನ ಮಗುವಿರುವ ಮನೆಗೂ ಬಲವಂತ ಕೂಡದು.

ನಮ್ಮಲ್ಲಿ ಮೀಟರು ಬದಲಾಯಿಸಲು ಯಾರಾದರೂ ಬಂದರೆ ಗುರುತಿನ ಚೀಟಿ ಕೇಳಿ, ಅನುಮಾನ ಬಂದರೆ ಕರೆಂಟು ಕಂಪನಿಯ ಸಹಾಯವಾಣಿ 1912ಕ್ಕೆ ಫೋನು ಮಾಡಿ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಹೇಳಿ. ಹಳೇ ಮೀಟರಿನ ಕೊನೆಯ ರೀಡಿಂಗು, ಹೊಸದರ ಮೊದಲ ರೀಡಿಂಗು, ಸೀಲು, ಮೂರಕ್ಕೂ ಬಿಚ್ಚುವ ಮುಂಚೆ, ಹಾಕಿದ ಮೇಲೆ ಮೊಬೈಲಿನಲ್ಲಿ ಫೋಟೋ ಇರಲಿ. ಹೊಸ ಮೀಟರು ಜಾಸ್ತಿ ಓಡುತ್ತಿದೆ ಅನ್ನಿಸಿದರೆ ದೂರು ಕೊಡಿ. ವಿದ್ಯುತ್ ಗ್ರಾಹಕರ ಹಕ್ಕುಗಳ 2024ರ ತಿದ್ದುಪಡಿ ನಿಯಮದ ಪ್ರಕಾರ ಐದು ದಿನದೊಳಗೆ ಇನ್ನೊಂದು ಮೀಟರು ಜೋಡಿಸಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು.

ನಮ್ಮ ಮನೆಗೆ ಆ ಹುಡುಗರು ಮಾರನೇ ದಿನ ಚೀಟಿ ಸಮೇತ ಬಂದರು. ಹೊಸ ಮೀಟರು ಜಗಲಿಯ ಗೋಡೆಗೆ ಬಂತು. ನಡುಮನೆಯಲ್ಲಿ ಕಪ್ಪು ಡಬ್ಬಿ ಇದ್ದಷ್ಟು ಜಾಗ ಬೆಳ್ಳಗೆ ಉಳಿದಿದೆ. ಈಗ ರೀಡಿಂಗಿನವನು ಹೊಸ್ತಿಲು ದಾಟೋದಿಲ್ಲ, ಜಗಲಿಯಿಂದಲೇ ಬಿಲ್ಲು ಹರಿದು ಕೊಟ್ಟು ಹೋಗುತ್ತಾನೆ. "ಒಂದ್ ಲೋಟ ಕಾಫಿ ಕುಡ್ದು ಹೋಗೋನು, ಈಗ ಮುಖನೂ ತೋರ್ಸಲ್ಲ" ಅಂತ ಅವ್ವನಿಗೆ ಬೇಜಾರು.

ನಮಸ್ಕಾರ.