ಗುಳ್ಳೆ ಬರುವ ತನಕ ಯಾಕೆ ಕಾಯಬೇಕು?

ಮುಖದ ತುಂಬ ಕೆಂಪು ಗುಳ್ಳೆ. ನೋಡಿದವರು "ಅಮ್ಮ ಬಂದಿದ್ಯಾ?" ಅಂತ ಕೇಳುತ್ತಾರೆ. ಒಬ್ಬರು ಅರಿಶಿನ ಅರೆದು ತರುತ್ತಾರೆ, ಇನ್ನೊಬ್ಬರು ಮೊಡವೆ ಕ್ರೀಮ್ ಕೊಡುತ್ತಾರೆ. ಪ್ರೀತಿಯಿಂದಲೇ ಕೊಡುತ್ತಾರೆ, ನಿಜ. ಆದರೆ ಶ್ವಾಸಕೋಶದ ಕ್ಯಾನ್ಸರ್‌ಗೆ ಎರ್ಲೋಟಿನಿಬ್, ಅಫಾಟಿನಿಬ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ಬರುವ ಈ ಗುಳ್ಳೆ ಅಮ್ಮನೂ ಅಲ್ಲ, ಮೊಡವೆಯೂ ಅಲ್ಲ. ಮೊಡವೆ ಕ್ರೀಮ್ ಹಚ್ಚಿದರೆ ಚರ್ಮ ಇನ್ನೂ ಒಣಗಿ ಉರಿಯುತ್ತದೆ.

ಈ ಔಷಧಿಗಳು ಇಜಿಎಫ್‌ಆರ್ ಎನ್ನುವ ಪ್ರೋಟೀನನ್ನು ತಡೆಯುತ್ತವೆ. ಗೆಡ್ಡೆ ಬೆಳೆಯಲು ಅದು ಬೇಕು. ಆದರೆ ನಮ್ಮ ಚರ್ಮಕ್ಕೂ, ಕೂದಲಿನ ಬುಡಕ್ಕೂ ಅದೇ ಬೇಕು. ಹಾಗಾಗಿ ಮೊದಲ ಒಂದೆರಡು ವಾರದಲ್ಲೇ ಗುಳ್ಳೆ ಏಳುತ್ತದೆ. ಆಮೇಲೆ ತುರಿಕೆ, ಬೆರಳ ತುದಿಯಲ್ಲಿ ಸೀಳು, ಉಗುರುಸುತ್ತು. ಅಂಗಿಯ ಗುಂಡಿ ಹಾಕುವುದೇ ಕಷ್ಟ, ಇನ್ನು ರೊಟ್ಟಿ ತಟ್ಟುವುದು ದೂರದ ಮಾತು.

ಇದು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಅಲ್ವಾ? ಆದರೂ "ಗುಳ್ಳೆ ಬಂದ್ರೆ ಬನ್ನಿ" ಅಂತ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಅದರಲ್ಲಿದ್ದವರು ಕರುಳಿನ ಕ್ಯಾನ್ಸರ್‌ಗೆ ಪ್ಯಾನಿಟುಮುಮಾಬ್ ಪಡೆಯುತ್ತಿದ್ದವರು. ಇದೂ ಅದೇ ಪ್ರೋಟೀನನ್ನು ತಡೆಯುವ ಔಷಧಿ. ಒಂದು ಗುಂಪಿಗೆ ಔಷಧಿ ಶುರುವಾಗುವ ಮೊದಲೇ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಶೇ. 1ರ ಹೈಡ್ರೋಕಾರ್ಟಿಸೋನ್ ಎನ್ನುವ ಸ್ಟೀರಾಯ್ಡ್ ಕ್ರೀಮ್, ಡಾಕ್ಸಿಸೈಕ್ಲಿನ್ ಎನ್ನುವ ಆ್ಯಂಟಿಬಯೋಟಿಕ್ ಮಾತ್ರೆ ಶುರು ಮಾಡಿದರು. ಇನ್ನೊಂದು ಗುಂಪಿಗೆ ತೊಂದರೆ ಬಂದ ಮೇಲೆ ಕೊಟ್ಟರು. 6 ವಾರದಲ್ಲಿ, ಕಾದ ಗುಂಪಿನಲ್ಲಿ ಶೇ. 62 ಜನರಿಗೆ ತೊಂದರೆ ಮಧ್ಯಮ ಮಟ್ಟ ಮುಟ್ಟಿತು ಅಥವಾ ಅದನ್ನೂ ದಾಟಿತು. ಮೊದಲೇ ಶುರು ಮಾಡಿದವರಲ್ಲಿ ಶೇ. 29 ಮಾತ್ರ.

ಇವೆಲ್ಲ ಯಾವ ಮೆಡಿಕಲ್ ಶಾಪ್‌ನಲ್ಲೂ ಸಿಗುವ ಸಾಮಾನು! ಕ್ಯಾನ್ಸರ್ ಮಾತ್ರೆಯ ಚೀಟಿಯಲ್ಲೇ ಇವನ್ನೂ ಬರೆಯಬೇಕು. ಬರೆಯದಿದ್ದರೆ ನೀವೇ ಕೇಳಿ. ಡಾಕ್ಸಿಸೈಕ್ಲಿನ್ ಮಾತ್ರ ಸುಮ್ನೆ ತಂದು ನುಂಗಬೇಡಿ. ಅದು ಎಲ್ಲರಿಗೂ ಆಗಿಬರುವುದಿಲ್ಲ, ಬಿಸಿಲಿಗೆ ಚರ್ಮ ಬೇಗ ಸುಡುವಂತೆಯೂ ಮಾಡುತ್ತದೆ. ಮನೆಯಲ್ಲಿ ಉಗುರುಬೆಚ್ಚಗಿನ ನೀರು, ಮೃದುವಾದ ಸೋಪು, ಮೈ ಒರೆಸಿದ ಕೂಡಲೇ ವಾಸನೆಯಿಲ್ಲದ ಮಾಯಿಶ್ಚರೈಸರ್. ಅಷ್ಟು ಸಾಕು.

ನನಗೆ ನಿಜವಾಗಿ ಭಯ ಆಗುವುದು ಬೇರೆ ವಿಷಯಕ್ಕೆ. ಮದುವೆಗೆ, ನಾಮಕರಣಕ್ಕೆ ಈ ಮುಖ ಹೊತ್ತು ಹೇಗೆ ಹೋಗುವುದು ಅಂತ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಡೋಸ್ ಕಡಿಮೆ ಮಾಡುವುದೋ, ನಾಲ್ಕು ದಿನ ನಿಲ್ಲಿಸುವುದೋ, ಅದನ್ನು ಡಾಕ್ಟರ್ ನೋಡಿ ಹೇಳಲಿ. ಕೀವು, ಜ್ವರ, ಕಣ್ಣು ನೋವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ.